ಸಹಿ ಇರುವುದು ಅವರ ಕೈಯಲ್ಲಿ

ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಯಾವುದಾದರೂ ಬೋಧನಾ ಆಸ್ಪತ್ರೆಯ ಜನರಲ್ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿ. ರೌಂಡ್ಸ್ ಬರುತ್ತದೆ. ಮುಂದೆ ಯೂನಿಟ್ ಚೀಫ್, ಅರ್ಧ ಹೆಜ್ಜೆ ಹಿಂದೆ ಅಸಿಸ್ಟೆಂಟ್ ಪ್ರೊಫೆಸರ್‌ಗಳು, ಆಮೇಲೆ ಸೀನಿಯರ್ ರೆಸಿಡೆಂಟ್, ಮೂರನೇ ವರ್ಷದ ಪಿಜಿ, ಎರಡನೇ ವರ್ಷದ ಪಿಜಿ. ಮೊದಲನೇ ವರ್ಷದವಳ ಕೈಯಲ್ಲಿ ಕೇಸ್ ಶೀಟುಗಳ ಕಟ್ಟು, ಮುಖದಲ್ಲಿ ರಾತ್ರಿಯ ನಿದ್ದೆಗೇಡು. ಕೊನೆಯಲ್ಲಿ ಹೌಸ್‌ಸರ್ಜನ್‌ಗಳು, ಬದಿಗೆ ಟ್ರಾಲಿ ಹಿಡಿದ ಸಿಸ್ಟರ್. ಹನ್ನೆರಡನೇ ಬೆಡ್ಡಿನ ಹತ್ತಿರ ಚೀಫ್ ಕೇಳುತ್ತಾರೆ, "ಪೊಟ್ಯಾಸಿಯಂ ಎಷ್ಟು?" ರಿಪೋರ್ಟ್ ಇನ್ನೂ ಲ್ಯಾಬಿನಿಂದ ಬಂದಿಲ್ಲ. "ಸ್ಯಾಂಪಲ್ ಕಳಿಸಿದೀನಿ ಸರ್..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಕೇಸ್ ಶೀಟು ನೆಲದ ಮೇಲಿರುತ್ತದೆ. "ನಿನಗೆ ಸೀಟು ಕೊಟ್ಟವರು ಯಾರಮ್ಮ?" ಎಂಬ ಪ್ರಶ್ನೆ ಅದರ ಹಿಂದೆಯೇ. ಅವಳು ಬಗ್ಗಿ ಹಾಳೆ ಆಯ್ದುಕೊಳ್ಳುತ್ತಾಳೆ. ರೌಂಡ್ಸ್ ಹದಿಮೂರನೇ ಬೆಡ್ಡಿಗೆ ಹೋಗುತ್ತದೆ.

ಇದನ್ನು ವಾರ್ಡಿಗೆ ವಾರ್ಡೇ ನೋಡಿರುತ್ತದೆ. ದೂರು ಮಾತ್ರ ಎಲ್ಲೂ ದಾಖಲಾಗುವುದಿಲ್ಲ. ಸಂಜೆ ಹಾಸ್ಟೆಲಿನಲ್ಲಿ ಒಂದು ವರ್ಷ ಹಿರಿಯಳಾದವಳು ಸಮಾಧಾನ ಹೇಳುತ್ತಾಳೆ: "ನನಗೂ ಹಿಂಗೇ ಬೈದಿದ್ರು ಕಣೇ. ಫಸ್ಟ್ ಇಯರ್ ಅಂದ್ರೆ ಹಂಗೇ. ಒಂದು ವರ್ಷ ತಡ್ಕೊ." ಹೇಳುವವಳ ಮನಸ್ಸು ಒಳ್ಳೆಯದೇ. ಆದರೆ ಮುಂದಿನ ವರ್ಷ ಹೊಸ ಬ್ಯಾಚಿನ ಹುಡುಗನೊಬ್ಬನ ಮೇಲೆ ಇವರಿಬ್ಬರೂ ಅದೇ ದನಿಯಲ್ಲಿ ಕೂಗುವ ಸಾಧ್ಯತೆ ಹೆಚ್ಚು.

ಹಿರಿಯ ವೈದ್ಯರ ದುರ್ವರ್ತನೆಯನ್ನು ಸ್ವಭಾವದ ಪ್ರಶ್ನೆಯೆಂದು ನೋಡುವುದು ನಮ್ಮಲ್ಲಿ ರೂಢಿ. "ಸರ್ ಸ್ವಲ್ಪ ಮುಂಗೋಪಿ, ಆದರೆ ಕೈಗುಣ ನೋಡಿ" ಎಂದರೆ ಮಾತು ಮುಗಿಯಿತು. ನನಗೆ ಹಾಗನಿಸುವುದಿಲ್ಲ. ಮುಂಗೋಪಿಗಳು ಬ್ಯಾಂಕಿನಲ್ಲೂ ಇದ್ದಾರೆ, ತಾಲ್ಲೂಕು ಕಚೇರಿಯಲ್ಲೂ ಇದ್ದಾರೆ. ಅಲ್ಲಿ ಅವರು ಕಡತ ಎಸೆದರೆ ಯೂನಿಯನ್‌ನವರು ಬಂದು ನಿಲ್ಲುತ್ತಾರೆ. ಆಸ್ಪತ್ರೆಯಲ್ಲಿ ಯಾರೂ ಬರುವುದಿಲ್ಲ. ಯಾಕೆಂದರೆ ಇಲ್ಲಿ ಕಿರಿಯರ ಬದುಕಿನ ಅಷ್ಟೂ ಕಾಗದಗಳಿಗೆ ಸಹಿ ಹಾಕುವವರು ಒಬ್ಬರೇ.

ಪಿಜಿ ವಿದ್ಯಾರ್ಥಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಥೀಸಿಸ್ ಗೈಡ್ ಸಹಿ ಹಾಕದೆ ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಗುವುದಿಲ್ಲ, ಪ್ರಬಂಧ ಹೋಗದೆ ಪರೀಕ್ಷೆ ಇಲ್ಲ. ಹಾಜರಿ, ರಜೆ, ಲಾಗ್ ಬುಕ್ ಎಲ್ಲಕ್ಕೂ ವಿಭಾಗದ ಮುಖ್ಯಸ್ಥರ ಸಹಿ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಪಕ್ಕದ ಕುರ್ಚಿಯಲ್ಲಿ ಅದೇ ವಿಭಾಗದ ಹಿರಿಯರು. ಸರ್ಜರಿ ವಿಭಾಗದಲ್ಲಿ ಇನ್ನೊಂದು ಹಗ್ಗವಿದೆ: ಓಟಿಯಲ್ಲಿ ಯಾರ ಕೈಗೆ ಕೇಸು ಕೊಡಬೇಕು ಎಂಬುದು. ಮೂರು ವರ್ಷ ರಿಟ್ರ್ಯಾಕ್ಟರ್ ಹಿಡಿದೇ ಹೊರಬಂದವರು ಎಂ.ಎಸ್. ಪದವಿ ಪಡೆದರೂ ಸರ್ಜನ್ ಆಗಿರುವುದಿಲ್ಲ. ಓದು ಮುಗಿದ ಮೇಲೂ ಹಿಡಿತ ಸಡಿಲಾಗುವುದಿಲ್ಲ. ಒಂದೊಂದು ವಿಶೇಷ ವಿಭಾಗದಲ್ಲಿ ರಾಜ್ಯದ ಹಿರಿಯರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಕೆಲಸಕ್ಕೆ ಅರ್ಜಿ ಹಾಕಿದ ಮರುದಿನವೇ "ಆ ಹುಡುಗಿ ಹೇಗೆ?" ಎಂಬ ಫೋನು ಹಳೆಯ ಚೀಫ್‌ಗೆ ಹೋಗುತ್ತದೆ.

ನರ್ಸಿನ ಲೆಕ್ಕ ಬೇರೆ, ಹಗ್ಗ ಅದೇ. ಡ್ಯೂಟಿ ಪಟ್ಟಿ ಬರೆಯುವವರ ಮನಸ್ಸು ಕೆಟ್ಟರೆ ತಿಂಗಳಿಡೀ ನೈಟ್ ಡ್ಯೂಟಿ. ಕೊಲ್ಲಿ ದೇಶಕ್ಕೋ ಇಂಗ್ಲೆಂಡಿಗೋ ಹೋಗಬೇಕಾದರೆ ಅನುಭವ ಪತ್ರ ಬೇಕು, ಅದನ್ನು ಕೊಡುವ ಆಸ್ಪತ್ರೆಯೇ ಅಂಕಪಟ್ಟಿಯ ಮೂಲಪ್ರತಿಯನ್ನು ಬೀರುವಿನಲ್ಲಿ ಇಟ್ಟುಕೊಂಡಿರುವುದೂ ಉಂಟು. ಇನ್ನು ಗುತ್ತಿಗೆಯ ಲ್ಯಾಬ್ ಟೆಕ್ನಿಷಿಯನ್, ಏಜೆನ್ಸಿಯಿಂದ ಬಂದ ಆಯಾ, ವಾರ್ಡ್ ಬಾಯ್‌ಗಳಿಗೆ ಸಹಿ ಕೂಡ ಬೇಕಿಲ್ಲ. "ನಾಳೆಯಿಂದ ಬರಬೇಡ" ಎಂಬ ಒಂದು ಮಾತು ಸಾಕು.

ಇಷ್ಟು ಅಧಿಕಾರ ಒಂದು ಕೈಯಲ್ಲಿ ಸೇರಿದಾಗ ಗೆರೆ ಒಂದೇ ಸಲಕ್ಕೆ ದಾಟಿಹೋಗುವುದಿಲ್ಲ, ಇಂಚಿಂಚಾಗಿ ಸರಿಯುತ್ತದೆ. ಮೊದಲು ಸರ್‌ನ ಸಮ್ಮೇಳನದ ಭಾಷಣಕ್ಕೆ ಪಿಪಿಟಿ ಮಾಡಿಕೊಡುವುದು. ಆಮೇಲೆ ಅವರ ಹೆಸರಿನ ಲೇಖನ ಬರೆದುಕೊಡುವುದು. ಆಮೇಲೆ ಕಾರು ಸರ್ವಿಸಿಗೆ ಬಿಟ್ಟುಬರುವುದು, ಮಗುವನ್ನು ಟ್ಯೂಷನ್ನಿನಿಂದ ಕರೆತರುವುದು. ಮಾಡಿಕೊಟ್ಟವನನ್ನು "ನಮ್ಮ ಹುಡುಗ" ಎನ್ನುತ್ತಾರೆ, ಅವನಿಗೆ ಓಟಿಯಲ್ಲಿ ಕೇಸು ಸಿಗುತ್ತದೆ. ಆಗುವುದಿಲ್ಲ ಎಂದವಳಿಗೆ "ಇಂಟರೆಸ್ಟ್ ಇಲ್ಲ" ಎಂಬ ಮುದ್ರೆ. ಕಿರಿಯರಲ್ಲೇ ಒಬ್ಬರ ಮೇಲೊಬ್ಬರ ದರ್ಬಾರು ಇನ್ನೂ ಕಠೋರ: ಊಟಕ್ಕೆ ಬಿಡದಿರುವುದು, ಶಿಕ್ಷೆಯೆಂದು ಡ್ಯೂಟಿ ಮೇಲೆ ಡ್ಯೂಟಿ ಹಾಕುವುದು, ತಮ್ಮ ಕೇಸ್ ಶೀಟನ್ನೂ ಇವರಿಂದಲೇ ಬರೆಸುವುದು.

ಕೆಲಸದ ಗಂಟೆಗಳೂ ಇದೇ ಕಥೆಯ ಭಾಗ. ರೆಸಿಡೆಂಟ್ ವೈದ್ಯರನ್ನು ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೆ 48 ಗಂಟೆ ಮೀರಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 1992ರಲ್ಲೇ ಹೇಳಿತ್ತು. ಅದನ್ನು ಇಂದಿನ ಪಿಜಿಗಳ ಮುಂದೆ ಓದಿದರೆ ನಗುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಗಂಟೆಯ ಲೆಕ್ಕವೇ ಇಲ್ಲ, 'ಸಮಂಜಸವಾದ' ಕೆಲಸದ ಅವಧಿ ಎಂದಷ್ಟೇ ಇದೆ. ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಆಯೋಗವೇ ನೇಮಿಸಿದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆಯ ಮಿತಿ ಸೂಚಿಸಿತು. ಸಮಂಜಸ ಎಂದರೆ ಎಷ್ಟು ಎಂಬುದನ್ನು ಸದ್ಯಕ್ಕೆ ತೀರ್ಮಾನಿಸುವವರು, ಮತ್ತೆ, ಸಹಿ ಹಾಕುವವರೇ. 2024ರ ಆಗಸ್ಟ್ 9ರಂದು ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಅತ್ಯಾಚಾರ ಮತ್ತು ಕೊಲೆಗೆ ಈಡಾದ ತರಬೇತಿ ವೈದ್ಯೆ ದೀರ್ಘ ಪಾಳಿಯ ನಡುವೆ ಒರಗಿದ್ದು ಸೆಮಿನಾರ್ ಹಾಲಿನಲ್ಲಿ. ಕೊಂದವನು ಹೊರಗಿನವನು, ಹಿರಿಯ ವೈದ್ಯನಲ್ಲ. ಆದರೆ ಆಕೆಗೆ ಮಲಗಲು ಒಂದು ಕೊಠಡಿ ಇರಲಿಲ್ಲ ಎಂಬುದು ಆಸ್ಪತ್ರೆಯೊಳಗಿನ ವ್ಯವಹಾರ.

ಇಷ್ಟೆಲ್ಲ ಓದಿದ ಮೇಲೂ "ಇದು ಡಾಕ್ಟರುಗಳ ಒಳಜಗಳ, ನಮಗೇನು?" ಎಂದು ಕೇಳುವವರಿದ್ದಾರೆ. ಹಾಸಿಗೆಯ ಮೇಲೆ ಮಲಗಿರುವವರು ನಾವೇ ಎಂಬುದು ಉತ್ತರ. ಇದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2005ರ ಮಾರ್ಚ್ 29. ಎಲೈನ್ ಬ್ರೊಮಿಲಿ ಎಂಬ 37 ವರ್ಷದ, ಇಬ್ಬರು ಮಕ್ಕಳ ತಾಯಿ ಮೂಗಿನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾದರು. ಅರಿವಳಿಕೆ ತಜ್ಞರೂ ಸರ್ಜನ್ನರೂ ದೀರ್ಘ ಅನುಭವದವರು. ಅರಿವಳಿಕೆ ಕೊಟ್ಟ ಮೇಲೆ ಉಸಿರಾಟದ ನಳಿಕೆ ಒಳಹೋಗಲಿಲ್ಲ, ಮಾಸ್ಕಿನಿಂದ ಗಾಳಿಯೂ ಹೋಗಲಿಲ್ಲ. ಕೆಲವೇ ನಿಮಿಷಗಳಲ್ಲಿ ರಕ್ತದ ಆಮ್ಲಜನಕದ ಮಟ್ಟ ಶೇ 40ಕ್ಕೆ ಕುಸಿಯಿತು. ಇಂಥ ಹೊತ್ತಿನಲ್ಲಿ ಕುತ್ತಿಗೆಯ ಮುಂಭಾಗದಲ್ಲಿ ರಂಧ್ರ ಮಾಡಿ ಗಾಳಿ ಕೊಡಬೇಕು ಎಂಬುದು ಪಠ್ಯದಲ್ಲಿರುವ ವಿಷಯ. ಓಟಿಯಲ್ಲಿದ್ದ ನರ್ಸ್ ಅದನ್ನು ಅರ್ಥಮಾಡಿಕೊಂಡು ಟ್ರೇಕಿಯಾಸ್ಟಮಿ ಕಿಟ್ ತಂದಿಟ್ಟು, ತಂದಿದ್ದೇನೆ ಎಂದೂ ಹೇಳಿದರು. ಯಾರೂ ಕಿವಿಗೊಡಲಿಲ್ಲ. ಇನ್ನೊಬ್ಬ ನರ್ಸ್ ಹೊರಗೆ ಹೋಗಿ ಐಸಿಯುನಲ್ಲಿ ಹಾಸಿಗೆ ಕಾದಿರಿಸಿ ಬಂದು ತಿಳಿಸಿದರು. ಇಷ್ಟಕ್ಕೆಲ್ಲ ಗಾಬರಿಯೇಕೆ ಎಂಬಂತೆ ಹಿರಿಯರು ನೋಡಿದ ಆ ನೋಟಕ್ಕೆ ಆಕೆ ಹಿಂಜರಿದು, ಹಾಸಿಗೆ ಬೇಡವೆಂದು ಹೇಳಿಬಿಟ್ಟರು. ಹಿರಿಯರು ನಳಿಕೆ ತೂರಿಸುವ ಪ್ರಯತ್ನವನ್ನೇ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮುಂದುವರಿಸಿದರು. ಎಲೈನ್‌ಗೆ ಮತ್ತೆ ಪ್ರಜ್ಞೆ ಬರಲಿಲ್ಲ. ಎರಡು ವಾರ ತುಂಬುವ ಮೊದಲೇ ತೀರಿಕೊಂಡರು.

ಆ ಓಟಿಯಲ್ಲಿ ಯಾರೂ ಯಾರಿಗೂ ಬೈದಿರಲಿಲ್ಲ, ಕೇಸ್ ಶೀಟ್ ಎಸೆದಿರಲಿಲ್ಲ. ಏನಾಗುತ್ತಿದೆ, ಏನು ಮಾಡಬೇಕು ಎರಡೂ ನರ್ಸುಗಳಿಗೆ ಗೊತ್ತಿತ್ತು. ಅದನ್ನು ಗಟ್ಟಿಯಾಗಿ ಹೇಳುವ ಹಕ್ಕು ತಮಗಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಒಂದು ನೋಟಕ್ಕೆ ಇಷ್ಟು ಶಕ್ತಿ ಇದ್ದರೆ ದಿನವೂ ಬೈಗುಳ ತಿನ್ನುವ ವಾರ್ಡಿನಲ್ಲಿ ಎಷ್ಟು ಮಾತು ಗಂಟಲಲ್ಲೇ ಉಳಿದಿರಬಹುದು! ಎಲೈನ್‌ರ ಗಂಡ ಮಾರ್ಟಿನ್ ಬ್ರೊಮಿಲಿ ವಿಮಾನದ ಪೈಲಟ್. ಕ್ಯಾಪ್ಟನ್ ತಪ್ಪುವಾಗ ಕೋಪೈಲಟ್ ಬಾಯಿ ಬಿಡಲೇಬೇಕು ಎಂಬ ತರಬೇತಿಯಲ್ಲಿ ಬೆಳೆದವರು. ಯಾರ ಮೇಲೂ ಹಗೆ ಸಾಧಿಸದೆ, ಇಂಥ ಸಾವುಗಳಿಂದ ಆಸ್ಪತ್ರೆಗಳು ಕಲಿಯಬೇಕೆಂದು 2007ರಲ್ಲಿ ಒಂದು ಸಂಸ್ಥೆ ಕಟ್ಟಿದರು.

ಮಾತು ನುಂಗುವ ಈ ಅಭ್ಯಾಸವನ್ನು ಹಿಂದೆಯೇ ಅಳೆದು ನೋಡಿದವರಿದ್ದಾರೆ. 1966ರಲ್ಲಿ ಅಮೆರಿಕದ ಮನೋವೈದ್ಯ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಪಾಳಿಯಲ್ಲಿದ್ದ ನರ್ಸುಗಳಿಗೆ ಅಪರಿಚಿತ 'ಡಾಕ್ಟರ'ನೊಬ್ಬನಿಂದ ಫೋನ್ ಮಾಡಿಸಿದರು. ಇಂಥ ಔಷಧ 20 ಮಿಲಿಗ್ರಾಂ ಕೊಡಿ ಎಂದು ಅಪ್ಪಣೆ. ಗರಿಷ್ಠ ಪ್ರಮಾಣ 10 ಮಿಲಿಗ್ರಾಂ ಎಂದು ಡಬ್ಬಿಯ ಮೇಲೇ ಬರೆದಿತ್ತು. ಫೋನಿನಲ್ಲಿ ಹೇಳಿದ ಔಷಧ ಕೊಡುವುದು ಆಸ್ಪತ್ರೆಯ ನಿಯಮಕ್ಕೂ ವಿರುದ್ಧ. ಆದರೂ 22 ಮಂದಿಯಲ್ಲಿ 21 ಮಂದಿ ಕೊಡಲು ಹೊರಟರು, ಬಾಗಿಲಲ್ಲಿ ಅವರನ್ನು ತಡೆಯಬೇಕಾಯಿತು. ಔಷಧ ನಿಜವಾದದ್ದಲ್ಲ ಎಂಬುದೊಂದೇ ಸಮಾಧಾನ.

ಬೈಗುಳದ ಖರ್ಚನ್ನು ಇನ್ನೂ ನೇರವಾಗಿ ತೋರಿಸಿದ್ದು 2015ರಲ್ಲಿ ಪ್ರಕಟವಾದ ಇಸ್ರೇಲಿನ ಅಧ್ಯಯನ. ನವಜಾತ ಶಿಶುಗಳ ತೀವ್ರ ನಿಗಾ ಘಟಕದ 24 ತಂಡಗಳಿಗೆ ಅಣಕು ಪ್ರಸಂಗವೊಂದನ್ನು ಕೊಟ್ಟರು: ದಿನ ತುಂಬದೆ ಹುಟ್ಟಿದ ಮಗುವಿನ ಸ್ಥಿತಿ ಹಠಾತ್ತನೆ ಬಿಗಡಾಯಿಸುತ್ತದೆ, ಕಾರಣ ಹುಡುಕಿ ಚಿಕಿತ್ಸೆ ಮಾಡಬೇಕು. ಕೆಲವು ತಂಡಗಳು ಅದಕ್ಕೆ ಮೊದಲು 'ವಿದೇಶಿ ತಜ್ಞ'ನೊಬ್ಬನ ಕೊಂಕು ಮಾತು ಕೇಳಬೇಕಾಯಿತು. ಮಾತು ಅವರ ಕೆಲಸಕ್ಕೆ ಸಂಬಂಧಪಟ್ಟದ್ದೂ ಅಲ್ಲ, ತೀರಾ ಕಟುವೂ ಅಲ್ಲ. ಅಷ್ಟಕ್ಕೇ ಆ ತಂಡಗಳ ರೋಗನಿರ್ಣಯವೂ ಕೈಕೆಲಸವೂ ಎದ್ದುಕಾಣುವಷ್ಟು ಕೆಟ್ಟವು, ಒಬ್ಬರನ್ನೊಬ್ಬರು ಕೇಳುವುದು, ನೆರವು ಬೇಡುವುದು ಕಡಿಮೆಯಾಯಿತು. "ಬೈದರೇ ಕಲಿಯೋದು" ಎಂಬ ಹಿರಿಯರು ಒಮ್ಮೆ ಇದನ್ನು ಓದಬೇಕು.

ನಮ್ಮ ವಾರ್ಡುಗಳಲ್ಲಿ ಅನುಭವಿ ಸಿಸ್ಟರ್‌ಗಳು ಬೇರೆ ದಾರಿ ಕಂಡುಕೊಂಡಿದ್ದಾರೆ. "ಡಾಕ್ಟ್ರೇ, ಪೇಷಂಟ್ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಹೋದ ಸಲ ಆ ಬಿಳಿ ಮಾತ್ರೆ ಕೊಟ್ಟಾಗ ಚೆನ್ನಾಗಿ ಮಲಗಿದ್ರು..." ಎಂದು ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಡ್ಯೂಟಿ ಡಾಕ್ಟರ್ "ಹಾಂ, ಅದನ್ನೇ ಕೊಡಿ" ಎನ್ನುತ್ತಾನೆ. ಸಲಹೆ ಕೊಟ್ಟದ್ದು ಆಕೆ, ಆದೇಶವಾದದ್ದು ಅವನದು. ಅಮೆರಿಕದ ಲಿಯೊನಾರ್ಡ್ ಸ್ಟೈನ್ 1967ರಲ್ಲೇ ಇದಕ್ಕೆ 'ಡಾಕ್ಟರ್–ನರ್ಸ್ ಆಟ' ಎಂದು ಹೆಸರಿಟ್ಟು ಲೇಖನ ಬರೆದರು. ನಿದ್ದೆ ಮಾತ್ರೆಗೆ ಈ ಆಟ ನಡೆಯುತ್ತದೆ. ಉಸಿರು ನಿಲ್ಲುತ್ತಿರುವಾಗ ಅರ್ಧ ವಾಕ್ಯ ಹೇಳಿ ಕಾಯಲು ವ್ಯವಧಾನ ಇರುವುದಿಲ್ಲ.

ಬಾಯಿ ಬಿಟ್ಟವರಿಗೆ ಏನಾಗುತ್ತದೆ ಎಂಬುದಕ್ಕೂ ದಾಖಲೆ ಇದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಸುಗೂಸುಗಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಸಾವು ಹೆಚ್ಚಿರುವುದನ್ನು ಸ್ಟೀಫನ್ ಬೋಲ್ಸಿನ್ ಎಂಬ ಅರಿವಳಿಕೆ ತಜ್ಞ ಲೆಕ್ಕವಿಟ್ಟು ಹೇಳಿದರು. ವರ್ಷಗಟ್ಟಲೆ ಯಾರೂ ಕೇಳಲಿಲ್ಲ, ಕೊನೆಗೆ ಅವರು ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದರು. ಇಯಾನ್ ಕೆನಡಿ ನೇತೃತ್ವದ ವಿಚಾರಣೆ 2001ರಲ್ಲಿ ವರದಿ ಕೊಟ್ಟಿತು: 1991ರಿಂದ 1995ರ ನಡುವೆ ಆ ಘಟಕದಲ್ಲಿ, ಬೇರೆಡೆಯ ಸರಾಸರಿಗೆ ಹೋಲಿಸಿದರೆ, ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಹೆಚ್ಚಾಗಿ ಸತ್ತಿದ್ದರು.

ಈಗ ಎಲ್ಲರೂ ದನಿ ತಗ್ಗಿಸಿ ಮಾತಾಡುವ ವಿಷಯಕ್ಕೆ ಬರೋಣ. ಲೈಂಗಿಕ ಕಿರುಕುಳ ಎಂದರೆ ಕತ್ತಲ ಕೋಣೆ, ಬಲಾತ್ಕಾರ ಎಂದೇ ಮನಸ್ಸಿಗೆ ಬರುತ್ತದೆ. ಆಸ್ಪತ್ರೆಯಲ್ಲಿ ಅದು ಹೆಚ್ಚಾಗಿ ಶುರುವಾಗುವುದು ಮೆಚ್ಚುಗೆಯಿಂದ. "ನಿನ್ನ ಕೈ ಚೆನ್ನಾಗಿದೆ, ಹರ್ನಿಯಾ ನೀನೇ ಮಾಡು." ಕಲಿಯುವವಳಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ವಾರದ ನಂತರ ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್: "ಊಟ ಆಯ್ತಾ?" ಉತ್ತರ ಕೊಡದಿದ್ದರೆ ಅಗೌರವ, ಕೊಟ್ಟರೆ ಮುಂದಿನ ಮೆಸೇಜು. ಆಮೇಲೆ ಬೇರೆ ಊರಿನ ಸಮ್ಮೇಳನ, ಅಲ್ಲಿನ ಹೋಟೆಲಿನಲ್ಲಿ "ಪೇಪರ್ ಒಂದು ಸಲ ನೋಡೋಣ ಬಾ." ಪ್ರತಿ ಹೆಜ್ಜೆಯಲ್ಲೂ ಅವಳು ಲೆಕ್ಕ ಹಾಕುವುದು ಒಂದನ್ನೇ: ಬೇಡ ಎಂದರೆ ಥೀಸಿಸ್ ಏನಾಗುತ್ತದೆ?

ಬ್ರಿಟನ್ನಿನ ಸರ್ಜರಿ ಕ್ಷೇತ್ರದಲ್ಲಿ ಇದು ಎಷ್ಟಿದೆ ಎಂದು ನಡೆಸಿದ ಸಮೀಕ್ಷೆ 2023ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಪ್ರಕಟವಾಯಿತು. ಹಿಂದಿನ ಐದು ವರ್ಷಗಳಲ್ಲಿ ಸಹೋದ್ಯೋಗಿಗಳಿಂದ ಲೈಂಗಿಕ ಕಿರುಕುಳ ಆಗಿದೆ ಎಂದ ಮಹಿಳೆಯರು ಶೇ 63.3, ಗಂಡಸರು ಶೇ 23.7. ಲೈಂಗಿಕ ಹಲ್ಲೆಗೇ ಒಳಗಾದೆವೆಂದ ಮಹಿಳೆಯರು ಶೇ 29.9. ತಾವಾಗಿ ಉತ್ತರಿಸಿದವರ ಲೆಕ್ಕ ಇದು, ಇಡೀ ವೃತ್ತಿಯ ಗಣತಿಯಲ್ಲ. ಅಲ್ಲಿನ ವೈದ್ಯಕೀಯ ಪರಿಷತ್ತೂ ಕೈಕಟ್ಟಿ ಕೂತಿರಲಿಲ್ಲ. 2024ರ ಜನವರಿ 30ರಿಂದ ಜಾರಿಗೆ ಬಂದ ಅದರ ವೃತ್ತಿಸಂಹಿತೆ ಸಹೋದ್ಯೋಗಿಗಳ ಮೇಲಿನ ಲೈಂಗಿಕ ದುರ್ವರ್ತನೆಯನ್ನು ಹೆಸರಿಸಿ ನಿಷೇಧಿಸಿತು. ಕಣ್ಣೆದುರು ನಡೆದದ್ದನ್ನು ಕಂಡೂ ಸುಮ್ಮನಿರಬಾರದು ಎಂದು ನೋಡಿದವರ ಮೇಲೂ ಹೊಣೆ ಹೊರಿಸಿತು.

ನಮ್ಮಲ್ಲಿ ಇಂದಿಗೂ ಜಾರಿಯಲ್ಲಿರುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ಸಂಹಿತೆ. 2023ರ ಆಗಸ್ಟಿನಲ್ಲಿ ಹೊಸದೊಂದು ಬಂತು, ಮೂರೇ ವಾರಕ್ಕೆ ಅದನ್ನು ತಡೆಹಿಡಿಯಲಾಯಿತು. ಹಳೆಯದರಲ್ಲಿ ರೋಗಿಯೊಂದಿಗಿನ ಅನುಚಿತ ಸಂಬಂಧಕ್ಕೆ ಪ್ರತ್ಯೇಕ ಕಲಮಿದೆ, ಕಿರಿಯರೊಂದಿಗಿನ ವರ್ತನೆಗೆ ಇಲ್ಲ. ವೃತ್ತಿಯೊಳಗಿನ ಅನೈತಿಕತೆಯನ್ನು ಭಯ, ಪಕ್ಷಪಾತಗಳಿಲ್ಲದೆ ಬಯಲಿಗೆಳೆಯಬೇಕು ಎಂಬ ಮಾತೇನೋ ಅದರಲ್ಲಿದೆ. ಬಯಲಿಗೆಳೆದವರ ಥೀಸಿಸ್‌ಗೆ ಸಹಿ ಯಾರು ಹಾಕಬೇಕು ಎಂಬುದು ಇಲ್ಲ.

"ಇಬ್ಬರೂ ವಯಸ್ಕರು, ಒಪ್ಪಿಗೆ ಇತ್ತು" ಎಂಬ ವಾದ ಬಂದೇ ಬರುತ್ತದೆ. ಹಿರಿಯ–ಕಿರಿಯರ ನಡುವೆ ಪ್ರೀತಿ ಹುಟ್ಟಬಾರದೆಂದು ಯಾರೂ ಹೇಳುವಂತಿಲ್ಲ. ಡಾಕ್ಟರುಗಳ ಅದೆಷ್ಟೋ ಸುಖೀ ದಾಂಪತ್ಯಗಳು ಶುರುವಾದದ್ದೇ ನೈಟ್ ಡ್ಯೂಟಿಯಲ್ಲಿ. ಆದರೆ ಸಹಿ ಹಾಕುವವರಿಗೆ ಅಂಥ ಮನಸ್ಸಾದರೆ ಮೊದಲು ಆಗಬೇಕಾದದ್ದು ಆ ಸಹಿಯನ್ನು ಬೇರೆಯವರಿಗೆ ಒಪ್ಪಿಸುವುದು: ಗೈಡ್ ಸ್ಥಾನ, ಪರೀಕ್ಷಕರ ಕುರ್ಚಿ, ಡ್ಯೂಟಿ ಪಟ್ಟಿ ಎಲ್ಲವನ್ನೂ. ಅದಾಗದೆ ಒಪ್ಪಿಗೆ ಎಂಬುದಕ್ಕೆ ನಾನು ಬೆಲೆ ಕೊಡಲಾರೆ. ಕಾನೂನಿಗೂ ಈ ಅನುಮಾನ ಇದೆ. ಭಾರತೀಯ ನ್ಯಾಯ ಸಂಹಿತೆಯ 68ನೇ ಕಲಮು ಜೈಲು ಅಧಿಕಾರಿಗಳ ಸಾಲಿನಲ್ಲೇ ಆಸ್ಪತ್ರೆಯ ಆಡಳಿತದವರನ್ನೂ ಸಿಬ್ಬಂದಿಯನ್ನೂ ನಿಲ್ಲಿಸಿದೆ. ಸ್ಥಾನದ ಬಲ ಬಳಸಿ, ತಮ್ಮ ಸುಪರ್ದಿನಲ್ಲಿರುವ ಅಥವಾ ಆ ಆವರಣದಲ್ಲಿರುವ ಮಹಿಳೆಯನ್ನು ದೈಹಿಕ ಸಂಬಂಧಕ್ಕೆ ಒಲಿಸಿಕೊಂಡರೆ, ಅದು ಅತ್ಯಾಚಾರದ ವ್ಯಾಖ್ಯೆಗೆ ಬಾರದಿದ್ದರೂ, 5ರಿಂದ 10 ವರ್ಷದ ಸಜೆ.

ಮೇಲಿನ ಕೈಯ ಬಲಕ್ಕೆ ಜಾತಿಯೂ ಸೇರಿಕೊಂಡರೆ ಹೊರೆ ಇಮ್ಮಡಿ. ಹಾಸ್ಟೆಲಿನ ಮೊದಲ ದಿನ ಕೇಳುವ "ನೀಟ್ ರ‍್ಯಾಂಕ್ ಎಷ್ಟು?" ಎಂಬುದು ಎಲ್ಲ ಸಲವೂ ರ‍್ಯಾಂಕಿನ ಪ್ರಶ್ನೆಯಾಗಿರುವುದಿಲ್ಲ. ಮುಂಬಯಿಯ ನಾಯರ್ ಆಸ್ಪತ್ರೆಗೆ ಸೇರಿದ ಕಾಲೇಜಿನಲ್ಲಿ ಸ್ತ್ರೀರೋಗ ವಿಭಾಗದ ಪಿಜಿಯಾಗಿದ್ದ, ಆದಿವಾಸಿ ಸಮುದಾಯದ ಡಾ. ಪಾಯಲ್ ತಡ್ವಿ 2019ರ ಮೇ 22ರಂದು ಪ್ರಾಣ ಕಳೆದುಕೊಂಡರು. ಮೂವರು ಸೀನಿಯರ್‌ಗಳು ಜಾತಿ ಹಿಡಿದು ಹೀಯಾಳಿಸಿ ಕಿರುಕುಳ ಕೊಟ್ಟರೆಂಬುದು ಅವರ ಮೇಲಿನ ಆರೋಪ. ಹಾಗೆ ಆರೋಪ ಹೊತ್ತ ಮೂವರೂ ಪ್ರೊಫೆಸರ್‌ಗಳಲ್ಲ, ಅವರೂ ವಿದ್ಯಾರ್ಥಿನಿಯರೇ.

ಸಂಸ್ಥೆಯ ಮೌನದ ಮಾತು ಬಂದಾಗ ನಮ್ಮ ಹೊನ್ನಾವರದ ಹಳದೀಪುರದ ಅರುಣಾ ಶಾನಭಾಗರನ್ನು ನೆನೆಯದೆ ಇರಲಾಗದು. 1973ರ ನವೆಂಬರ್ 27ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಈ ನರ್ಸಿನ ಮೇಲೆ ಹಲ್ಲೆ ಮಾಡಿದವನು ಅಲ್ಲಿನದೇ ಕಸಗುಡಿಸುವ ನೌಕರ, ಅಂದರೆ ಆಕೆಗಿಂತ ಕೆಳಗಿನವನು. ಲೈಂಗಿಕ ದೌರ್ಜನ್ಯದ ಅಂಶ ಮೊಕದ್ದಮೆಯಲ್ಲಿ ಬರಲೇ ಇಲ್ಲ. ಸುಲಿಗೆ ಮತ್ತು ಕೊಲೆ ಯತ್ನಕ್ಕೆ ಅವನಿಗೆ ಏಳು ವರ್ಷ ಸಜೆಯಾಯಿತು. ಅರುಣಾ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ನಾಲ್ಕು ದಶಕ ಆಕೆಯನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳು.

ಆಗ ಇರದಿದ್ದ ಕಾಯಿದೆ ಈಗಿದೆ. ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪನ್ನು ಆಧರಿಸಿ ಬಂದ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಅಧಿನಿಯಮ ಕೆಲಸದ ಸ್ಥಳ ಎಂಬುದರಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳನ್ನು ಹೆಸರಿಸಿಯೇ ಸೇರಿಸಿದೆ. ತರಬೇತಿಯಲ್ಲಿರುವವರು, ಗುತ್ತಿಗೆಯವರು, ಸಂಬಳವಿಲ್ಲದವರು ಎಲ್ಲರೂ ಅದರ ವ್ಯಾಪ್ತಿಯಲ್ಲಿ. ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಇರಬೇಕು, ಅರ್ಧದಷ್ಟಾದರೂ ಮಹಿಳೆಯರು, ಹೊರಗಿನ ಒಬ್ಬ ಸದಸ್ಯರು. ಅದಕ್ಕಿಂತ ಸಣ್ಣ ಕ್ಲಿನಿಕ್‌ಗಳವರಿಗೆ, ಮಾಲೀಕ ಡಾಕ್ಟರ ಮೇಲೆಯೇ ದೂರಿದ್ದವರಿಗೆ ಜಿಲ್ಲೆಯ ಸ್ಥಳೀಯ ಸಮಿತಿ. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು, ಕಾರಣವಿದ್ದರೆ ಇನ್ನೂ 3 ತಿಂಗಳು ವಿಸ್ತರಿಸಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ದೂರನ್ನು ಸಾಬೀತುಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳು ದೂರು ಎನಿಸಿಕೊಳ್ಳುವುದಿಲ್ಲ.

ಇದರ ನಿಯಮಾವಳಿಯಲ್ಲಿ ಹೆಚ್ಚಿನವರು ಗಮನಿಸದ ಒಂದು ಸಾಲಿದೆ, ನನ್ನ ಪ್ರಕಾರ ಅದೇ ಇಡೀ ವ್ಯವಸ್ಥೆಯ ಜೀವ. ವಿಚಾರಣೆ ನಡೆಯುವಾಗ ಆರೋಪಕ್ಕೊಳಗಾದವರು ದೂರುದಾರಳ ಕೆಲಸದ ಬಗ್ಗೆ ವರದಿ ಬರೆಯದಂತೆ, ಗೋಪ್ಯ ವರದಿಗೆ ಕೈ ಹಾಕದಂತೆ ತಡೆದು, ಆ ಕೆಲಸವನ್ನು ಬೇರೊಬ್ಬ ಅಧಿಕಾರಿಗೆ ವಹಿಸುವಂತೆ ಸಮಿತಿ ಶಿಫಾರಸು ಮಾಡಬಹುದು. ದೂರುದಾರಳು ಬರವಣಿಗೆಯಲ್ಲಿ ಕೇಳಿಕೊಂಡರೆ ಸಾಕು. ಅಂದರೆ ಸಹಿಯನ್ನು ಆ ಕೈಯಿಂದ ಕಿತ್ತುಕೊಳ್ಳುವ ಅವಕಾಶ ಕಾನೂನಿನಲ್ಲೇ ಇದೆ. ಕೇಳಬೇಕೆಂಬುದು ದೂರು ಕೊಡುವವರಿಗೆ ಗೊತ್ತಿರುವುದಿಲ್ಲ, ಸಮಿತಿಯವರು ತಾವಾಗಿ ಹೇಳುವುದಿಲ್ಲ.

ಕಾಯಿದೆಗೆ ತೂತುಗಳೂ ಇವೆ. ಅದು ರಕ್ಷಿಸುವುದು ಮಹಿಳೆಯರನ್ನು ಮಾತ್ರ. ಕಿರುಕುಳಕ್ಕೆ ಸಿಕ್ಕ ಹುಡುಗ ಹೋಗುವುದೆಲ್ಲಿಗೆ? ಯುಜಿಸಿಯ 2015ರ ನಿಯಮಗಳು ಗಂಡು ಮತ್ತು ತೃತೀಯ ಲಿಂಗಿ ವಿದ್ಯಾರ್ಥಿಗಳೂ ತುತ್ತಾಗಬಹುದೆಂದು ಒಪ್ಪಿವೆ. ಆದರೆ ಓದು ಮುಗಿಸಿ ನೌಕರಿಯಲ್ಲಿರುವ ಗಂಡು ನರ್ಸಿಗೆ ಅದೂ ಇಲ್ಲ. ಲೈಂಗಿಕವಲ್ಲದ ಹಿಂಸೆಗೆ, ಅಂದರೆ ಬೈಗುಳ, ಬಿಟ್ಟಿ ಚಾಕರಿ, ಶಿಕ್ಷೆಯ ಡ್ಯೂಟಿಗಳಿಗೆ, ವಿದ್ಯಾರ್ಥಿಗಳಾದರೆ ವೈದ್ಯಕೀಯ ಆಯೋಗದ 2021ರ ರ‍್ಯಾಗಿಂಗ್ ನಿಷೇಧ ನಿಯಮಗಳಿವೆ. ಮೇಷ್ಟರೇ ಹಿಂಸಿಸಿದರೆ "ಇದು ರ‍್ಯಾಗಿಂಗ್ ಅಲ್ಲ, ಶಿಸ್ತು" ಎಂಬ ಉತ್ತರ ಸಿದ್ಧವಿರುತ್ತದೆ.

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ತಪ್ಪು ರಕ್ತದ ಗುಂಪು ಏರಿಸಲು ಹೊರಟ ಇಂಟರ್ನನ ಕೈ ಹಿಡಿದು "ನಿಲ್ಲಿಸೋ!" ಎಂದು ಕಿರುಚಿದ ಹಿರಿಯರು ದುರ್ವರ್ತನೆ ಮಾಡಿದವರಲ್ಲ, ಜೀವ ಉಳಿಸಿದವರು. ಗದರಿದ್ದು ತಪ್ಪನ್ನೋ, ಮನುಷ್ಯನನ್ನೋ? ರೋಗಿಗಾಗಿಯೋ, ತನ್ನ ದರ್ಪಕ್ಕಾಗಿಯೋ? ಸಂಜೆ ಪಕ್ಕಕ್ಕೆ ಕರೆದು "ಅಲ್ಲಿ ಏನಾಗುತ್ತಿತ್ತು ಗೊತ್ತಾ?" ಎಂದು ಹೇಳಿಕೊಟ್ಟರೋ ಇಲ್ಲವೋ? ಕಲಿತವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಅಂಥ ಗುರುಗಳ ಫೋಟೊ ಇಟ್ಟುಕೊಂಡ ಡಾಕ್ಟರುಗಳು ಈ ರಾಜ್ಯದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಮಾಡಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಸುರಕ್ಷತಾ ಪಟ್ಟಿಯಲ್ಲಿ, ಚರ್ಮಕ್ಕೆ ಕತ್ತಿ ಇಡುವ ಮೊದಲು ಓಟಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಎಂದಿದೆ. ಒಮ್ಮೆ ಬಾಯಿ ತೆರೆದವರು ಅಪಾಯ ಕಂಡಾಗ ಇನ್ನೊಮ್ಮೆ ತೆರೆಯುತ್ತಾರೆ ಎಂಬುದು ಅದರ ಹಿಂದಿನ ಲೆಕ್ಕಾಚಾರ. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿ ಬಳಸಿದಾಗ ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು. ಇನ್ನೊಂದು ಕೆಲಸ ಸಹಿಯನ್ನು ಒಡೆಯುವುದು. ಥೀಸಿಸ್ ಒಬ್ಬರಿಗೆ, ರಜೆ ಮತ್ತೊಬ್ಬರಿಗೆ, ಡ್ಯೂಟಿ ಪಟ್ಟಿ ಕಂಪ್ಯೂಟರಿಗೆ, ದೂರು ಆ ವಿಭಾಗದ ನೆರಳೂ ಬೀಳದ ಕಡೆಗೆ. ಕಾಸು ಖರ್ಚಿಲ್ಲದ ಕೆಲಸಗಳಿವು. ಆಗದಿರುವುದಕ್ಕೆ ಕಾರಣ, ಮಾಡಬೇಕಾದವರೇ ಕಳೆದುಕೊಳ್ಳುವವರು.

ಇದನ್ನು ಓದುತ್ತಿರುವ ಕಿರಿಯರಿಗೆ ಎರಡು ಮಾತು. ಮೆಸೇಜುಗಳನ್ನು ಅಳಿಸಬೇಡಿ, ಆದದ್ದನ್ನು ದಿನಾಂಕ ಹಾಕಿ ಅಂದೇ ಬರೆದಿಡಿ, 3 ತಿಂಗಳ ಗಡುವನ್ನು ಮರೆಯಬೇಡಿ. ರ‍್ಯಾಗಿಂಗ್ ದೂರಿಗೆ 1800-180-5522. ಮನಸ್ಸು ಕುಸಿದರೆ, ರಾತ್ರಿ ಎಷ್ಟು ಹೊತ್ತಾದರೂ ಸರಿ, 14416ಕ್ಕೆ ಫೋನ್ ಮಾಡಿ. ನಮ್ಮ ನಿಮ್ಹಾನ್ಸ್ ಮುಂದಾಳತ್ವದಲ್ಲಿ ನಡೆಯುವ ಟೆಲಿ ಮಾನಸ್ ಅದು, ಕನ್ನಡದಲ್ಲೇ ಮಾತಾಡಬಹುದು.

ಉಳಿದವರಿಗೆ ಒಂದು ಕೆಲಸ. ಆಂತರಿಕ ಸಮಿತಿ ರಚಿಸಿದ ಆದೇಶವನ್ನೂ ಕಿರುಕುಳಕ್ಕೆ ಏನು ಶಿಕ್ಷೆ ಎಂಬುದನ್ನೂ ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕಿರಬೇಕೆಂದು 2013ರ ಅಧಿನಿಯಮ ಹೇಳುತ್ತದೆ. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಬಿಲ್ ಕೌಂಟರಿನ ಸುತ್ತಮುತ್ತ ಕಣ್ಣಾಡಿಸಿ, ಕಾಣದಿದ್ದರೆ ಎಲ್ಲಿದೆ ಎಂದು ಕೇಳಿ. ಸಮಿತಿಯನ್ನೇ ರಚಿಸದ ಆಸ್ಪತ್ರೆಗೆ 50 ಸಾವಿರ ರೂಪಾಯಿವರೆಗೆ ದಂಡ ಇದೆ.